ಪಾಲು ಕೇಳಿದವರ ನೂರು ವರ್ಷ



ಈ ಉಪನ್ಯಾಸ ಮಾಲೆಯಲ್ಲಿ ನನ್ನ ಪಾಲಿಗೆ ಬಂದಿರುವ ವಿಷಯ ‘ಸಮಾಜದೊಳಗಿನ ಒಡಕುಗಳು’. ಐರ್ಲೆಂಡಿನಿಂದ ಲೆಬನಾನಿನವರೆಗೆ ಎಲ್ಲಿಗೆ ಬೇಕಾದರೂ ಹೋಗಿಬರಬಹುದಾದ ವಿಷಯ. ನಾನು ಮೈಸೂರು ಬಿಟ್ಟು ದೂರ ಹೋಗುವುದಿಲ್ಲ. ಒಡಕಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾದ ಸಿದ್ಧವಾಗಿ ಕಾದಿರುತ್ತದೆ: ಮೊದಲು ಎಲ್ಲರೂ ಹೊಂದಿಕೊಂಡೇ ಇದ್ದೆವು, ಜಾತಿ ಸಂಘಗಳು ಬಂದವು, ಮೀಸಲಾತಿ ಬಂತು, ರಾಜಕಾರಣಿಗಳು ನಮ್ಮನ್ನು ಒಡೆದರು. ಓದು ಬರಹ ಬಲ್ಲ, ಒಳ್ಳೆಯ ಮನಸ್ಸಿನ ಜನರೂ ಇದನ್ನು ಹೇಳುತ್ತಾರೆ. ಇದು ಎಷ್ಟು ನಿಜ ಎಂದು ನಮ್ಮದೇ ರಾಜ್ಯದ ನೂರು ವರ್ಷದ ಚರಿತ್ರೆ ಇಟ್ಟುಕೊಂಡು ನೋಡೋಣ.

ಕಳೆದ ಶತಮಾನದ ಮೊದಲ ಎರಡು ದಶಕಗಳ ಮೈಸೂರು ಸಂಸ್ಥಾನ. ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಮಾತ್ರ ಅವರದೇ ಬಹುಮತ. ಇದನ್ನು ಯಾರೋ ಕೂತು ಸಂಚು ಹೂಡಿ ಮಾಡಿದ್ದಲ್ಲ. 1831ರಿಂದ ಐವತ್ತು ವರ್ಷ ಇಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ ನಡೆಯಿತು. ಕಚೇರಿಗೆ ಇಂಗ್ಲಿಷ್ ಬಂತು, ಇಂಗ್ಲಿಷ್ ಕಲಿತವರಿಗೆ ಕಚೇರಿಯ ಬಾಗಿಲು ತೆರೆಯಿತು. ಅಕ್ಷರದ ಅಭ್ಯಾಸ ಮನೆಯಲ್ಲೇ ಇದ್ದವರು ಮೊದಲು ಒಳಗೆ ಹೋದರು. ಹೋದವರು ಅಣ್ಣನ ಮಗನನ್ನು, ಅಕ್ಕನ ಅಳಿಯನನ್ನು ಕರೆದುಕೊಂಡರು. ಮನುಷ್ಯ ಮಾಡುವುದೇ ಹಾಗೆ.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಸಂಸ್ಥಾನದ ಕಚೇರಿಗಳಲ್ಲಿ ಮೊದಲು ಎದ್ದ ಜಗಳ ಬ್ರಾಹ್ಮಣರಿಗೂ ಬ್ರಾಹ್ಮಣೇತರರಿಗೂ ನಡುವಿನದಲ್ಲ, ಬ್ರಾಹ್ಮಣರ ಒಳಗಿನದು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ದಿವಾನರಾದ ರಂಗಾಚಾರ್ಲು, ಆಮೇಲೆ 1883ರಿಂದ 1901ರವರೆಗೆ ಆಳಿದ ಶೇಷಾದ್ರಿ ಅಯ್ಯರ್, ಇಬ್ಬರೂ ಮದರಾಸು ಪ್ರಾಂತದಿಂದ ಬಂದವರು. ಅವರ ಹಿಂದೆ ಮದರಾಸಿನ ಪದವೀಧರರೂ ಬಂದರು. ಸ್ಥಳೀಯ ಬ್ರಾಹ್ಮಣರು ಇದನ್ನು ಸಹಿಸಲಿಲ್ಲ. ಮೈಸೂರು ಮೈಸೂರಿನವರಿಗೇ ಇರಬೇಕು ಎಂದು ಪತ್ರಿಕೆಗಳಲ್ಲೂ ಸಭೆಗಳಲ್ಲೂ ಕೂಗೆದ್ದಿತು. ಹೊರಗಿನವರ ಉತ್ತರ: ಇಲ್ಲಿನವರಲ್ಲಿ ಅಷ್ಟು ಅರ್ಹರು ಎಲ್ಲಿದ್ದಾರೆ? ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ಅದನ್ನು ಕೇಳಿ ಕೋಪಗೊಂಡವರೇ ಮುಂದೆ ಅದೇ ಉತ್ತರವನ್ನು ಇತರರಿಗೆ ಕೊಡುವವರಿದ್ದರು.

ಅಷ್ಟು ಹೊತ್ತಿಗೆ ಸಂಘಗಳ ಕಾಲ ಶುರುವಾಗಿತ್ತು. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ. ಜೊತೆಗೆ ಹಾಸ್ಟೆಲುಗಳು. ತುಮಕೂರಿನ ಬಳಿ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯ ಶುರುವಾದದ್ದು 1917ರಲ್ಲಿ. ಜಾತಿಗೊಂದು ಹಾಸ್ಟೆಲು ಕಟ್ಟಿ ಮಕ್ಕಳ ತಟ್ಟೆಗಳನ್ನೇ ಬೇರೆ ಮಾಡಿದರು ಎಂದು ಈ ಸಂಸ್ಥೆಗಳನ್ನು ಆಡಿಕೊಳ್ಳುವವರಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ: ಅದಕ್ಕೂ ಮೊದಲು ಹಳ್ಳಿಯ ಬಡ ಹುಡುಗ ಮೈಸೂರಿಗೋ ಬೆಂಗಳೂರಿಗೋ ಬಂದು ಓದುತ್ತಿದ್ದದ್ದು ಹೇಗೆ? ಬ್ರಾಹ್ಮಣ ಹುಡುಗನಾದರೆ ವಾರಾನ್ನ ಇತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ದೂರದ ನಂಟರ ಮನೆ. ಅದರಲ್ಲಿ ಅವಮಾನ ಇತ್ತು, ಹಸಿವೂ ಇತ್ತು. ನಮ್ಮ ಎಷ್ಟೋ ಹಿರಿಯರು ಅದನ್ನು ಬರೆದಿಟ್ಟಿದ್ದಾರೆ. ಆದರೂ ಅನ್ನ ಇತ್ತು. ಊರಿನ ತುಂಬ ಹರಡಿಕೊಂಡಿದ್ದ ಈ ಹಾಸ್ಟೆಲಿಗೆ ಬೋರ್ಡು ಇರಲಿಲ್ಲ ಅಷ್ಟೆ. ಕುರುಬರ ಹುಡುಗನಿಗೆ, ಒಕ್ಕಲಿಗರ ಹುಡುಗನಿಗೆ ಅಂಥ ಏಳು ಮನೆಗಳು ಪೇಟೆಯಲ್ಲಿ ಎಲ್ಲಿದ್ದವು? ಅದಕ್ಕೇ ಅವರ ಹಿರಿಯರು ರಾಗಿ ಕೂಡಿಸಿ, ಚಂದಾ ಎತ್ತಿ ಕಟ್ಟಡ ಕಟ್ಟಿದರು. ಕಟ್ಟಡಕ್ಕೆ ಬೋರ್ಡು ಹಾಕಲೇಬೇಕು, ಹಾಕಿದರು. ಜಾತಿ ಎಲ್ಲರ ಕಣ್ಣಿಗೆ ಬಿದ್ದದ್ದು ಆಗ.

1917ರಲ್ಲಿ ಲಿಂಗಾಯತ, ಒಕ್ಕಲಿಗ ಮತ್ತು ಮುಸ್ಲಿಂ ಮುಖಂಡರು ಸೇರಿ ಪ್ರಜಾಮಿತ್ರ ಮಂಡಲಿ ಕಟ್ಟಿದರು. ಮುಸ್ಲಿಮರೂ ಅದೇ ಚಪ್ಪರದ ಕೆಳಗೆ ಇದ್ದರು ಎಂಬುದು ಇವತ್ತು ಹಲವರಿಗೆ ಗೊತ್ತಿಲ್ಲ. ಆ ಕಾಲದ ಒಡಕಿನ ಗೆರೆ ಧರ್ಮದ ಮೇಲೆ ಎಳೆದದ್ದಾಗಿರಲಿಲ್ಲ. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ.ಆರ್. ರೆಡ್ಡಿಯವರ ಬುದ್ಧಿಬಲ ಇವರ ಬೆನ್ನಿಗಿತ್ತು. ಮರುವರ್ಷ ನಿಯೋಗವೊಂದು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಸರ್ಕಾರಿ ಕೆಲಸದಲ್ಲಿ ಪಾಲು ಕೇಳಿತು. ಅರಸರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ಆಗ ದಿವಾನರು ವಿಶ್ವೇಶ್ವರಯ್ಯನವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿಕ್ಷಣ ಹರಡಿದರೆ ಸಾಕು, ಹುದ್ದೆಗಳು ತಾವಾಗಿಯೇ ಎಲ್ಲರಿಗೂ ಸಿಗುತ್ತವೆ; ಜಾತಿ ನೋಡಿ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ನಿಲುವು. ಬಾಯಿಮಾತಿನ ನಿಲುವೂ ಅಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಎರಡೂ ಬಂದದ್ದು ಅವರ ಕಾಲದಲ್ಲೇ. 1918ರ ಕೊನೆಗೆ ಅವರು ದಿವಾನಗಿರಿಯಿಂದ ಸರಿದರು, ಮಹಾರಾಜರ ಸೋದರಮಾವ ಕಾಂತರಾಜ ಅರಸು ಆ ಜಾಗಕ್ಕೆ ಬಂದರು. ಅಷ್ಟು ಕಟ್ಟಿದ ಮನುಷ್ಯ ಈ ಒಂದು ವಿಷಯಕ್ಕೆ ಹೊರಟುಹೋದರಲ್ಲ ಎಂದು ಈಗಲೂ ಮರುಗುವವರಿದ್ದಾರೆ, ನನಗೂ ಆ ಮರುಕ ಇದೆ. ಆದರೆ ಅವರ ವಾದದಲ್ಲಿ ಒಂದು ಕೊರತೆ ಇತ್ತು. ಶಿಕ್ಷಣ ಮುಗಿಸಿ ಬಂದ ಹುಡುಗನನ್ನು ಆರಿಸುವವರು ಯಾರು? ಆರಿಸುವ ಮೇಜಿನ ಹಿಂದೆ ಒಂದೇ ಬಗೆಯ ಜನ ಕೂತಿರುವಾಗ ಹುದ್ದೆ ತಾನಾಗಿಯೇ ಸಿಗುವುದು ಹೇಗೆ?

ಮಿಲ್ಲರ್ ಸಮಿತಿ ಹಿಂದುಳಿದವರನ್ನು ಗುರುತಿಸಿದ ರೀತಿ ಗಮನಿಸಿ. 1911ರ ಜನಗಣತಿಯಲ್ಲಿ ಇಂಗ್ಲಿಷ್ ಬಲ್ಲವರು ನೂರಕ್ಕೆ ಐದಕ್ಕಿಂತ ಕಡಿಮೆ ಇರುವ ಸಮುದಾಯಗಳೆಲ್ಲ ಹಿಂದುಳಿದವು ಎಂದಿತು. ಏಳು ವರ್ಷಗಳ ಒಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರರದ್ದಾಗಬೇಕು ಎಂದಿತು. 1921ರಲ್ಲಿ ಸರ್ಕಾರಿ ಆಜ್ಞೆಯೂ ಹೊರಟಿತು. ಅಳತೆಗೋಲು ಸರಳ, ಆದರೆ ಅದರಲ್ಲಿ ದೊಡ್ಡ ಜಮೀನುದಾರ ಗೌಡನೂ ಅವನ ಮನೆಯ ಜೀತದಾಳೂ ಒಂದೇ ಗುಂಪು! ಇಬ್ಬರಿಗೂ ಇಂಗ್ಲಿಷ್ ಬಾರದು ನೋಡಿ. ಮುಂದಿನ ನೂರು ವರ್ಷದ ಜಗಳಗಳೆಲ್ಲ ಈ ಒಂದು ಗುಂಪಿನ ಒಳಗಿಂದಲೇ ಎದ್ದು ಬಂದವು.

ಅವಿಭಕ್ತ ಕುಟುಂಬದಲ್ಲಿ ಪಾಲು ಕೇಳಿದ ತಮ್ಮನನ್ನು ಮನೆಮುರುಕ ಎನ್ನುತ್ತಾರೆ. ಅಲ್ಲಿಯವರೆಗೆ ಕಣಜದ ಬೀಗದಕೈ ಯಾರ ಸೊಂಟದಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. 1918ರಲ್ಲಿ ಬ್ರಾಹ್ಮಣೇತರರಿಗೆ ಆ ಹೆಸರು ಬಂತು. ಬೀಗದಕೈ ತಮ್ಮ ಕೈಗೆ ಬಂದ ಮೇಲೆ ಅವರು ಏನು ಮಾಡಿದರು ಎಂಬುದನ್ನೂ ಇಷ್ಟೇ ನಿಷ್ಠುರವಾಗಿ ನೋಡಬೇಕಲ್ಲ.

1937ರ ಹೊತ್ತಿಗೆ ಪ್ರಜಾಮಿತ್ರ ಮಂಡಲಿಯ ಪರಂಪರೆ ಕಾಂಗ್ರೆಸ್ಸಿನಲ್ಲಿ ಕರಗಿತು. ನೌಕರಿಯ ಬಾಗಿಲು ತೆರೆದಿತ್ತು, ಈಗ ಬೇಕಾದದ್ದು ಜವಾಬ್ದಾರಿ ಸರ್ಕಾರ. ‘ಬ್ರಾಹ್ಮಣೇತರ’ ಎಂಬ ಹೆಸರಿನ ಅಗತ್ಯ ತೀರಿತು. ಆ ಹೆಸರಿನ ಕೆಳಗಿದ್ದ ದೊಡ್ಡ ಸಮುದಾಯಗಳು ಪರಸ್ಪರ ಅಳೆಯಲು ಶುರುಮಾಡಿದವು. ಅದು ಬಯಲಿಗೆ ಬಂದದ್ದು ಏಕೀಕರಣದ ಸಂದರ್ಭದಲ್ಲಿ.

ಏಕೀಕರಣವನ್ನು ನಾವು ಬರಿಯ ಭಾಷೆಯ ಹಬ್ಬವೆಂದು ಆಚರಿಸುತ್ತೇವೆ. ಆದರೆ 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯಲ್ಲಿ ಜಾತಿಯ ಲೆಕ್ಕ ಅಚ್ಚಾಗಿದೆ. ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ನೂರಕ್ಕೆ 35ರಿಂದ 40, ಮೈಸೂರಿನಲ್ಲಿ ಒಕ್ಕಲಿಗರು 29ಕ್ಕೆ ತುಸು ಕಡಿಮೆ. ಎರಡೂ ಪ್ರದೇಶ ಸೇರಿದರೆ ಲಿಂಗಾಯತರು 20ಕ್ಕೆ ತುಸು ಹೆಚ್ಚು, ಒಕ್ಕಲಿಗರು 13–14, ಪರಿಶಿಷ್ಟರು 17–18 ಆಗುತ್ತಾರೆ, ಆದ್ದರಿಂದ ಯಾರೊಬ್ಬರ ಯಜಮಾನಿಕೆಯೂ ನಡೆಯದು ಎಂದು ಫಜಲ್ ಅಲಿಯವರ ಆಯೋಗ ಸಮಾಧಾನ ಹೇಳಿತು. ಹಳೆ ಮೈಸೂರಿನ ಅನೇಕ ಒಕ್ಕಲಿಗ ಮುಖಂಡರಿಗೆ ಈ ಸಮಾಧಾನ ಸಾಲಲಿಲ್ಲ. ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವತಃ ಒಕ್ಕಲಿಗರಾಗಿಯೂ ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಅವರನ್ನು ಇಳಿಸಿದವರು ಅವರದೇ ಪಕ್ಷದವರು. ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಹೀಗೆ ಏಕೀಕರಣದ ಮೊದಲ ಹದಿನೈದು ವರ್ಷದ ಮುಖ್ಯಮಂತ್ರಿಗಳೆಲ್ಲ ಲಿಂಗಾಯತರೇ. ಹೆದರಿದವರ ಹೆದರಿಕೆ ಪೂರ್ತಿ ಹುಸಿಯಲ್ಲ ಎಂದಾಯಿತು. ಆಯೋಗ ಎಣಿಸಿದ್ದು ತಲೆಗಳನ್ನು. ಭೂಮಿ, ಮಠ, ಶಿಕ್ಷಣಸಂಸ್ಥೆ, ಸಹಕಾರ ಸಂಘ ಇವು ಯಾರ ಕೈಯಲ್ಲಿವೆ ಎಂಬುದು ಆ ಎಣಿಕೆಗೆ ಸಿಗಲಿಲ್ಲ.

ಮೀಸಲಾತಿ ನ್ಯಾಯಾಲಯಕ್ಕೆ ಹೋದ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದುಳಿದ ವರ್ಗಗಳ ಬಗ್ಗೆ ನೇಮಕವಾಗಿದ್ದ ನಾಗನಗೌಡ ಸಮಿತಿಯ ವರದಿಯ ಮೇಲೆ ಸರ್ಕಾರ ಕಾಲೇಜು ಸೀಟುಗಳಲ್ಲಿ ಒಟ್ಟು ನೂರಕ್ಕೆ 68ನ್ನು ಮೀಸಲಿಟ್ಟಿತು. 1962ರ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಇಡೀ ದೇಶ ಇಂದಿಗೂ ಮಾತಾಡುವ ಐವತ್ತರ ಮಿತಿ ಹುಟ್ಟಿದ್ದು ಮೈಸೂರಿನ ಈ ಮೊಕದ್ದಮೆಯಿಂದ.

1972ರಲ್ಲಿ ಮುಖ್ಯಮಂತ್ರಿಯಾಗಿ ಬಂದ ದೇವರಾಜ ಅರಸರು ಲಿಂಗಾಯತರೂ ಅಲ್ಲ, ಒಕ್ಕಲಿಗರೂ ಅಲ್ಲ. ಅವರ ಸಮುದಾಯ ಎಷ್ಟು ಸಣ್ಣದೆಂದರೆ ಅದನ್ನು ನಂಬಿ ಚುನಾವಣೆ ಗೆಲ್ಲುವಂತಿರಲಿಲ್ಲ. ಬೇಡ ಸಮುದಾಯದಿಂದ ಬಂದ ವಕೀಲ ಎಲ್.ಜಿ. ಹಾವನೂರರ ಆಯೋಗವನ್ನು ಅವರು ನೇಮಿಸಿದರು. ಯಾವ ಜಾತಿಯಲ್ಲಿ ಸಾವಿರಕ್ಕೆ ಎಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾರೆ ಎಂದು ಹಾವನೂರರು ಲೆಕ್ಕ ಹಾಕಿಸಿದರು. 1975ರ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಕೈಬಿಟ್ಟರು. ಕೋಲಾಹಲ ಎದ್ದಿತು. 1918ರಲ್ಲಿ ಪಾಲು ಕೇಳಿದ ಮನೆತನಗಳ ಮೊಮ್ಮಕ್ಕಳು ಈಗ, ಹಾವನೂರ್ ಜಾತಿ ಜಾತಿಗಳನ್ನು ಒಡೆಯುತ್ತಿದ್ದಾರೆ ಎಂದರು. ಆ ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದೆವು?

ಪಾಲು ಪಡೆದವರ ಈ ನಡವಳಿಕೆ ದಲಿತರ ವಿಷಯದಲ್ಲಿ ಇನ್ನೂ ಒರಟಾಗಿ ಕಾಣುತ್ತದೆ. 1973ರಲ್ಲಿ ಮೈಸೂರಿನಲ್ಲಿ ದಲಿತ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಆ ಗುಂಪುಗಳಲ್ಲಿ ಬ್ರಾಹ್ಮಣ, ಬ್ರಾಹ್ಮಣೇತರ ಎಂಬ ಹಳೆಯ ಗೆರೆ ಕಾಣಲಿಲ್ಲ. ಕನ್ನಡಕ್ಕಾಗಿ ಎಲ್ಲರೂ ಒಂದಾಗಿದ್ದರು, ದಲಿತರ ವಿರುದ್ಧ. ಒಗ್ಗಟ್ಟು ಎಂದರೆ ಯಾವಾಗಲೂ ಒಳ್ಳೆಯದು ಎನ್ನುವವರು ಆ ದಿನಗಳ ಬಗ್ಗೆ ಓದಬೇಕು. ಆ ಪೆಟ್ಟು ತಿಂದ ತಲೆಮಾರೇ ದಲಿತ ಸಂಘರ್ಷ ಸಮಿತಿ ಕಟ್ಟಿತು. ಆ ತಲೆಮಾರಿನ ಕವಿ ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ಓದಿದ್ದು ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲಿನಲ್ಲಿ ಇದ್ದುಕೊಂಡು. ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳ ಶಿಕ್ಷಣಕ್ಕೆ ಬದುಕು ತೆತ್ತ ಬ್ರಾಹ್ಮಣ. ಗೆರೆಗಳನ್ನು ದಾಟಿದವರೂ ಇದ್ದರು. ಆದರೆ ಅವರೊಬ್ಬರಿದ್ದರು ಎಂದು ಹೇಳಿ ಗೆರೆಯೇ ಇರಲಿಲ್ಲ ಎನ್ನುವ ಚಾಳಿ ನಮಗಿದೆ.

ಕೊನೆಗೆ ಒಳಮೀಸಲಾತಿ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಲ್ಲಿ 101 ಜಾತಿಗಳಿವೆ. ಪಾಲು ನಮ್ಮವರೆಗೆ ಬರುತ್ತಿಲ್ಲ, ಒಳಗೇ ಬೇರೆ ಪಾಲು ಕೊಡಿ ಎಂದು ಮಾದಿಗ ಸಮುದಾಯ ದಶಕಗಳ ಕಾಲ ಕೇಳಿತು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟಿನಲ್ಲೇ ಉಳಿಯಿತು. ದಲಿತರ ಒಗ್ಗಟ್ಟು ಮುರಿಯುತ್ತದೆ ಎಂಬ ಆಕ್ಷೇಪ ಎದ್ದಿತು, ಈ ಸಲ ದಲಿತರ ಒಳಗಿನಿಂದಲೇ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟಿತು. ನಾಗಮೋಹನ ದಾಸ್ ಆಯೋಗ 2025ರಲ್ಲಿ ಐದು ಗುಂಪು ಮಾಡಿ, ಅತಿ ಹಿಂದುಳಿದ 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕ ಒಂದು ಪರ್ಸೆಂಟ್ ಇಡಿ ಎಂದಿತು. ಸಚಿವ ಸಂಪುಟ ಐದನ್ನು ಮೂರು ಮಾಡಿತು: ಆರು, ಆರು, ಐದು. ಮೊದಲೆರಡು ಪಾಲು ಮಾದಿಗ ಮತ್ತು ಹೊಲೆಯ ಸಂಬಂಧಿತ ಜಾತಿಗಳಿಗೆ. ಕೊನೆಯ ಐದರಲ್ಲಿ ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆಗೆ ಅಲೆಮಾರಿಗಳನ್ನೂ ಸೇರಿಸಿತು.

ನೂರು ವರ್ಷದಲ್ಲಿ ನಾಲ್ಕು ಸಲ ಪಾಲಿನ ಕೂಗೆದ್ದಿತು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬಡವರ ಬಾಯಲ್ಲಿ. ಒಗ್ಗಟ್ಟಿನ ಬೋಧನೆ ಪ್ರತಿ ಸಲವೂ ಬಂದದ್ದು ಆಗಷ್ಟೇ ಜಾಗ ಹಿಡಿದು ಕೂತವರಿಂದ. ಇದರಿಂದ ಸಮಾಜ ಚೂರು ಚೂರಾಗಿಹೋಯಿತೇ? ನನಗೆ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ನಿಜವಾದ ನಂಜು ಕಂಡದ್ದು ಬೇರೆ ಕಡೆ. 1928ರ ಬೆಂಗಳೂರಿನ ಸುಲ್ತಾನ್‌ಪೇಟೆಯ ಗಣಪತಿ ಗಲಭೆಯಿಂದ ಹಿಡಿದು, ಕೊಡುವ ಕೊಳ್ಳುವ ಲೆಕ್ಕವೇ ಇಲ್ಲದ ಧರ್ಮದ್ವೇಷದಲ್ಲಿ. ಪಾಲು ಕೇಳುವವನು ನಮ್ಮ ಜೊತೆ ಬದುಕುವ ಲೆಕ್ಕ ಹಾಕುತ್ತಿರುತ್ತಾನೆ, ಅವನೊಡನೆ ಚೌಕಾಸಿ ಸಾಧ್ಯ. ದ್ವೇಷದವನಿಗೆ ಏನು ಕೊಟ್ಟು ಸುಮ್ಮನಿರಿಸುತ್ತೀರಿ?

ಒಳಮೀಸಲಾತಿ ಕುರಿತ ಸಂಪುಟದ ತೀರ್ಮಾನದ ವಿರುದ್ಧ ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅವರಲ್ಲಿ ಎಷ್ಟೋ ಜಾತಿಗಳ ಹೆಸರನ್ನು ಈ ಸಭಾಂಗಣದಲ್ಲಿರುವ ನಾವು ಕೇಳಿಯೂ ಇರಲಾರೆವು. ಅವರಿಗೆ ಶಾಸಕರಿಲ್ಲ, ಮಠ ಇಲ್ಲ, ನಗರದಲ್ಲಿ ಹಾಸ್ಟೆಲಿಲ್ಲ. ಆಯೋಗ ಹೇಳಿದ ಆ ಒಂದು ಪರ್ಸೆಂಟನ್ನು ಅವರಿಗೆ ಬೇರೆಯಾಗಿ ಕೊಡಬೇಕಿತ್ತು. ಕೊಡದೆ ಇದ್ದದ್ದು ತಪ್ಪು.