ಗಣಿಯ ಲೆಕ್ಕದ ಕೊನೆಯ ಪುಟ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನ ಗುಮಾಸ್ತರು; ಗಣಿಗೆ ಇಳಿದವರಲ್ಲ. ಆದರೂ ಸಾಲ ಕೊಡುವ ಮೊದಲು ನಾವು ಮಾಡುವ ವಿಚಾರಕ್ಕೂ ಗಣಿ ತೆರೆಯುವ ಮೊದಲು ಮಾಡಬೇಕಾದ ವಿಚಾರಕ್ಕೂ ಹತ್ತಿರದ ನಂಟುಂಟು.

ನೆಲದಲ್ಲಿ ಲೋಹವಿದೆಯೆಂದ ಮಾತ್ರಕ್ಕೆ ಅದು ಸಂಪತ್ತಾಗದು. ಅಲ್ಲಲ್ಲಿ ಕೊರೆದು, ಮಾದರಿ ತೆಗೆದು, ನೂರು ಟನ್ ಕಲ್ಲಿನಲ್ಲಿ ಲೋಹವೆಷ್ಟೆಂದು ಪರೀಕ್ಷಿಸಬೇಕು. ಅಗೆಯುವ, ಶುದ್ಧಿಮಾಡುವ, ಸಾಗಿಸುವ ಖರ್ಚು ಕಳೆದು ಏನು ಉಳಿದೀತೆಂದು ನೋಡಬೇಕು. ಬೆಲೆ ಇಳಿದರೂ ಉಳಿದೀತೇ ಎಂದು ಮತ್ತೊಮ್ಮೆ ಲೆಕ್ಕ ಹಾಕಬೇಕು.

ನಮ್ಮ ಕುದುರೆಮುಖವನ್ನೇ ನೋಡೋಣ. ಅಲ್ಲಿಯ ಅದಿರಿನಲ್ಲಿ ಕಬ್ಬಿಣ ನೂರಕ್ಕೆ ನಲವತ್ತಕ್ಕೂ ಕಡಿಮೆ. ಅದನ್ನು ಪುಡಿಮಾಡಿ, ಸಾರ ತೆಗೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ಇಂಜಿನಿಯರರ ಜಾಣ್ಮೆಗೆ ನಮಸ್ಕಾರ! ಆದರೆ ಕೊಳ್ಳುವವರು? 1975ರ ಒಪ್ಪಂದದಂತೆ ಇರಾನು 63 ಕೋಟಿ ಡಾಲರ್ ಸಾಲ ಕೊಟ್ಟು, ವರ್ಷಕ್ಕೆ 75 ಲಕ್ಷ ಟನ್ ಕೊಳ್ಳಬೇಕಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು. ಪೂರ್ತಿ ಸಾಲವೂ ಬರಲಿಲ್ಲ, ಗಿರಾಕಿಯೂ ಬರಲಿಲ್ಲ. 1980ರಲ್ಲಿ ಸಿದ್ಧವಾದ ಕಾರ್ಖಾನೆ ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ಸಾಲ ಕೊಡುವವನೂ ಸರಕು ಕೊಳ್ಳುವವನೂ ಒಬ್ಬನೇ ಆದರೆ, ಅವನು ಜಾರಿದ ದಿನ ಎರಡು ಕಾಲೂ ಜಾರಿದಂತೆಯೇ.

ಲೆಕ್ಕದಲ್ಲಿ ಇನ್ನೊಂದು ಪುಟವಿತ್ತು. ಅದು ಭದ್ರೆ ಹುಟ್ಟುವ ಸೀಮೆ, ದಟ್ಟ ಕಾಡು, ಧಾರಾಕಾರ ಮಳೆ. ಹೂಳು ನದಿಗಿಳಿದರೆ ಕೆಳಗಿನ ರೈತನ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು? 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ನೌಕರರ ಮನೆಗಳು ಬಹುಪಾಲು ಬರಿದಾದವು. ಅನ್ನ ಹುಡುಕಿ ಊರು ಬಿಟ್ಟ ನಮಗೆ ಆ ಬೀಗಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಗಣಿಯೇ ಬೇಡವೆಂದು ನಾವು ಹೇಳುವುದಿಲ್ಲ. ಕಬ್ಬಿಣವಿಲ್ಲದೆ ನಮ್ಮನ್ನು ಇಲ್ಲಿಗೆ ತಂದ ರೈಲೂ ಇಲ್ಲ. ಆದರೆ ಗಣಿ ಗದ್ದೆಯಲ್ಲ; ಒಮ್ಮೆ ಕೊಯ್ದರೆ ಮತ್ತೆ ಬೆಳೆಯದು. ಸಾಲಪತ್ರದಲ್ಲಿ ಮೊದಲ ದಿನವೇ ಕೊನೆಯ ಕಂತಿನ ತಾರೀಖು ಬರೆಯುತ್ತೇವೆ. ಹಾಗೆಯೇ ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣದ ಭದ್ರತೆಯನ್ನೂ 2003ರಿಂದ ಕಾನೂನು ಕೇಳುತ್ತಿದೆ. ಆ ಪುಟದಲ್ಲಿ ಗುಂಡಿಯ ಜೊತೆಗೆ ದುಡಿದವರ ಮಕ್ಕಳ ನಾಳೆಯೂ ಇದ್ದರೆ, ಆಗ ಲೆಕ್ಕ ತಾಳೆಯಾದೀತು.