ಹದ ಮಾಡೋನು ಯಾರೋ, ಒಳಗೆ ಹೋಗೋನು ಯಾರೋ

ಇವತ್ತು ಒಂದು ಪದದಿಂದ ಶುರು ಮಾಡ್ತೀನಿ. ಹದ.

ನಮ್ಮ ಕನ್ನಡದಲ್ಲಿ ಈ ಪದಕ್ಕೆ ಎಷ್ಟು ಮರ್ಯಾದೆ ಇದೆ ನೋಡಿ. ಮಳೆ ಬಿದ್ದ ಮೇಲೆ ಭೂಮಿ ಹದಕ್ಕೆ ಬಂತು ಅಂತೀವಿ. ದೋಸೆ ಹಿಟ್ಟು ಹದವಾಗಿ ಹುಳಿ ಬಂದಿದೆ ಅಂತೀವಿ. ಚಳ್ಳಕೆರೆ ಕಡೆ ಕಂಬಳಿ ನೇಯೋರು ಹುಣಸೆ ಬೀಜದ ಗಂಜಿ ಕುದಿಸಿ, ಉಣ್ಣೆ ನೂಲಿಗೆ ಹಚ್ಚಿ, ನೂಲನ್ನ ಹದಕ್ಕೆ ತರ್ತಾರೆ. ಹದ ಅಂದ್ರೆ ಅವಸರ ಮಾಡದೆ ಕಾಯೋದು. ಅಜ್ಜ ಮಾಡಿದ್ದನ್ನ ಅಪ್ಪ, ಅಪ್ಪ ಮಾಡಿದ್ದನ್ನ ಮಗ ನೋಡಿ ಕಲಿಯೋ ಕೈಗುಣ.

ಈಗ ಈ ಮರ್ಯಾದಸ್ಥ ಪದ ಗಾಂಜಾಕ್ಕೆ ಹೋಗಿ ಅಂಟ್ಕೊಂಡಿದೆ. "ಸಾರ್, ಇದು ನಾಟಿ ಮಾಲು. ಹಿತ್ತಲಲ್ಲಿ ಬೆಳೆದಿದ್ದು. ಹಳೇ ಪದ್ಧತಿಯಲ್ಲಿ ಎಲೆ ಸುತ್ತಿ, ಹುಳಿ ಬರಿಸಿ ಹದ ಮಾಡಿರೋದು. ಕೆಮಿಕಲ್ ಇಲ್ಲ. ಔಷಧಿ ಇದ್ದಂಗೆ." ಕಾಲೇಜು ಹುಡುಗರ ಬಾಯಲ್ಲಿ ಈ ಮಾತು ಓಡಾಡ್ತಿದೆ. ಕೇಳೋಕೆ ಚೆನ್ನಾಗಿದೆ. ಇದರಲ್ಲಿ ನಿಜ ಎಷ್ಟು, ಈ ಮಾತಿಗೆ ಬೆಲೆ ಕಟ್ಟೋನು ಯಾರು, ಇವತ್ತು ಅದನ್ನೇ ಮಾತಾಡೋಣ.

ಬಳ್ಳಾರಿಗೆ ಹೋಗ್ತಾ ಬಿ.ಜಿ. ಕೆರೆಯಲ್ಲಿ ಟೀ ಕುಡಿಯೋಕೆ ಗಾಡಿ ನಿಲ್ಲಿಸಿದ್ದೆ. ಚಳ್ಳಕೆರೆ ದಾಟಿ, ತಳಕು ದಾಟಿ ಬಂದ್ರೆ ಸಿಗೋ ಊರು. ಮೊಳಕಾಲ್ಮುರು ತಾಲ್ಲೂಕು. ಮಳೆ ಅನ್ನೋದು ಅಲ್ಲಿ ದೊಡ್ಡ ನೆಂಟ ಇದ್ದಂಗೆ, ಬಂದ್ರೆ ಬಂದ, ಇಲ್ಲಾಂದ್ರೆ ಇಲ್ಲ. ಶೇಂಗಾ ನಂಬ್ಕೊಂಡು ಬದುಕೋ ಸೀಮೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಯಜಮಾನ್ರು ಕೂತಿದ್ರು. ಟಿವಿಯಲ್ಲಿ ಮುಖ ನೋಡಿದ್ರು ಅಂತ ಕಾಣುತ್ತೆ, ಮಾತಿಗೆಳೆದ್ರು. ಅವರ ಹೊಲಕ್ಕೆ ಒಬ್ಬ ಬಂದಿದ್ನಂತೆ. ಗುತ್ತಿಗೆಗೆ ಕೊಡಿ, ಊರಲ್ಲಿ ನಡೀತಿರೋದರ ಮೂರರಷ್ಟು ದುಡ್ಡು ಈಗಲೇ ಕೈಗೆ ಕೊಡ್ತೀನಿ ಅಂದ್ನಂತೆ. ಏನು ಹಾಕ್ತೀಯಪ್ಪ ಅಂತ ಇವರು ಕೇಳಿದ್ರೆ, "ಅದೆಲ್ಲ ನಿಮಗ್ಯಾಕೆ ಯಜಮಾನ್ರೇ, ಅಂಚಿಗೆ ಮೆಕ್ಕೆಜೋಳ ಇರುತ್ತೆ, ಒಳಗಡೆ ಬರಬೇಡಿ" ಅಂದ್ನಂತೆ. ಇವರು ಒಲ್ಲೆ ಅಂದ್ರು.

ಯಾಕೆ ಅಂತ ನಾನು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ನನ್ನ ಹೊಲ್ದಾಗೆ ಏನೈತೆ ಅಂತ ನಾನೇ ಕೇಳಂಗಿಲ್ಲ ಅಂದ್ಮೇಲೆ ಅದು ನನ್ನ ಹೊಲ ಹೆಂಗಾಯ್ತದೆ ಸಾಮಿ?"

ಅಬ್ಬಾ. ಇಡೀ ಕಾಯ್ದೆ ಪುಸ್ತಕ ಒಂದೇ ಸಾಲಲ್ಲಿ ಹೇಳಿಬಿಟ್ರು.

ಇದು ಕಟ್ಟುಕಥೆ ಅಲ್ಲ, ಈ ಸೀಮೆಗೆ ಹೊಸದೂ ಅಲ್ಲ. 2020ರ ಸೆಪ್ಟೆಂಬರ್ ನೆನಪು ಮಾಡ್ಕೊಳ್ಳಿ. ಬೆಂಗಳೂರಿನಲ್ಲಿ ಸಿನಿಮಾದವರ ಡ್ರಗ್ಸ್ ಪ್ರಕರಣ, ನಮ್ಮ ಎಲ್ಲ ಕ್ಯಾಮೆರಾಗಳೂ ಅಲ್ಲೇ. ನಾನೂ ಅಲ್ಲೇ ಇದ್ದೆ, ಒಪ್ಕೋತೀನಿ. ಅದೇ ಹೊತ್ತಲ್ಲಿ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಕಡೆ ಎಕರೆಗಟ್ಟಲೆ ಗಾಂಜಾ ಬೆಳೆ ಪೊಲೀಸರ ಕೈಗೆ ಸಿಕ್ತು. ತಮಾಷೆ ನೋಡಿ, ಅದೇ ವರ್ಷ ಸರ್ಕಾರ ರೈತರಿಗೆ ಬೆಳೆ ಸಮೀಕ್ಷೆ ಆ್ಯಪ್ ಕೊಟ್ಟು, "ನನ್ನ ಬೆಳೆ ನನ್ನ ಹಕ್ಕು" ಅಂತ ಘೋಷಣೆ ಕೂಗ್ತಿತ್ತು. ನಿಮ್ಮ ಹೊಲದ ಫೋಟೊ ನೀವೇ ತೆಗೆದು ಹಾಕಿ ಅಂತ.

ಈಗ ಹದದ ವಿಷಯಕ್ಕೆ ಬರ್ತೀನಿ. ಹಳೇ ಪದ್ಧತಿ ಅನ್ನೋದು ಸುಳ್ಳಾ? ಸುಳ್ಳಲ್ಲ. ಆಫ್ರಿಕಾದ ಮಲಾವಿಯಲ್ಲಿ ಮೆಕ್ಕೆಜೋಳದ ಸಿಪ್ಪೆಯಲ್ಲೋ ಬಾಳೆ ಎಲೆಯಲ್ಲೋ ಬಿಗಿಯಾಗಿ ಸುತ್ತಿ, ತೆನೆ ಆಕಾರದ ಕಟ್ಟು ಮಾಡಿ ಹುಳಿ ಬರಿಸೋ ರೂಢಿ ಇದೆ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್, ಈಗ ಬಾಂಗ್ಲಾದೇಶದಲ್ಲಿದೆ, ಇಡೀ ದೇಶಕ್ಕೆ ಹೆಸರಾಗಿತ್ತು. ಗಂಡು ಗಿಡ ಗುರುತಿಸಿ ಕಿತ್ತು ಹಾಕೋಕೆ ಪೊದ್ದಾರ್ ಅನ್ನೋ ಅನುಭವಸ್ಥರನ್ನ ಕರೆಸ್ತಿದ್ರು. ಕುಯ್ದಿದ್ದನ್ನ ಕಾಲಲ್ಲಿ ತುಳಿದು ಚಪ್ಪಟೆ ಗಾಂಜಾ, ಹೊರಳಿಸಿ ದುಂಡು ಗಾಂಜಾ ಅಂತ ಮಾಡ್ತಿದ್ರು. ಆದ್ರೆ ಅಲ್ಲಿ ಬೆಳೆಯೋಕೆ ಲೈಸೆನ್ಸ್ ಇತ್ತು, ಮಾಲು ಗೋದಾಮಿಗೆ ಹೋಗ್ತಿತ್ತು, ಸರ್ಕಾರಕ್ಕೆ ಸುಂಕ ಬರ್ತಿತ್ತು. 1917ರಲ್ಲಿ ಬೆಳೆಗಾರರ ಸಹಕಾರ ಸಂಘವೇ ಹುಟ್ಕೊಳ್ತು. ಅಂದ್ರೆ, ಅಲ್ಲಿ ಹದ ಮಾಡ್ತಿದ್ದದ್ದು ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ.

ಇನ್ನು ಹುಳಿ ಬರಿಸಿದ್ರೆ ಏನಾಗುತ್ತೆ? ಹಸಿರು ವಾಸನೆ ಹೋಗುತ್ತೆ. ಗಂಟಲು ಕೆರೆಯೋದು ಸ್ವಲ್ಪ ಕಡಿಮೆ ಆಗುತ್ತೆ. ಅಷ್ಟೇ. ಮಾಲು ಔಷಧಿ ಆಗಲ್ಲ. ಅದರ ಅಮಲಿನ ಅಂಶ ಜಾಗೃತವಾಗೋದು ಮುಖ್ಯವಾಗಿ ಶಾಖದಿಂದ, ಹುಳಿಯಿಂದ ಅಲ್ಲ. ಬದಲಿಗೆ ಇನ್ನೊಂದು ಅಪಾಯ ಇದೆ. ತೇವ ಉಳಿದ ಸೊಪ್ಪನ್ನ ಬಿಗಿಯಾಗಿ ಕಟ್ಟಿಟ್ರೆ ಬೂಸ್ಟು ಬರುತ್ತೆ. ಶೇಂಗಾ ಬೆಳೆಯೋರಿಗೆ ಇದನ್ನ ನಾನು ಹೇಳಿಕೊಡಬೇಕಾ? ಸರಿಯಾಗಿ ಒಣಗದ ಕಾಯಿ ಚೀಲಕ್ಕೆ ತುಂಬಿದ್ರೆ ಏನಾಗುತ್ತೆ ಅಂತ ಚಳ್ಳಕೆರೆ ಮಂಡಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಅದೇ ಜಾತಿಯ ಬೂಸ್ಟು ಇಲ್ಲೂ ಬೆಳೆಯುತ್ತೆ. ಅಲ್ಲಿ ತಿಂತೀವಿ, ಇಲ್ಲಿ ಹೊಗೆ ಜೊತೆ ಶ್ವಾಸಕೋಶಕ್ಕೆ ಎಳ್ಕೋತೀವಿ. ಸಕ್ಕರೆ ಕಾಯಿಲೆಯೋರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು "ನಾಟಿ ಔಷಧಿ" ಅಂತ ನಂಬಿ ಎಳೆದ್ರೆ ಕಥೆ ಏನು?

ಇಲ್ಲಿ ಕೆಲವರು ನನಗೆ ಹೇಳ್ತಾರೆ, ಇದು ನಮ್ಮ ಸಂಪ್ರದಾಯ ಕಣ್ರೀ, ಅವಧೂತರು ಸೇದಿಲ್ವಾ, ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಪ್ರಸಾದ ಅಂತ ಕೊಡಲ್ವಾ ಅಂತ. ಹೌದು ಸ್ವಾಮಿ. ಭಂಗಿ ಸೊಪ್ಪು, ಚಿಲುಮೆ ನಮ್ಮ ನೆಲಕ್ಕೆ ಹೊಸದಲ್ಲ. 1893ರಲ್ಲಿ ಬ್ರಿಟಿಷರೇ ಒಂದು ಆಯೋಗ ಮಾಡಿ, ಸಾವಿರಕ್ಕೂ ಹೆಚ್ಚು ಜನರ ಸಾಕ್ಷಿ ಕೇಳಿ, ಪೂರ್ತಿ ನಿಷೇಧ ಬೇಡ, ಹಿಡಿತದಲ್ಲಿಡಿ ಅಂದಿದ್ರು. ಆದ್ರೆ ಒಂದು ವ್ಯತ್ಯಾಸ ಗಮನಿಸಿ. ಪ್ರಸಾದಕ್ಕೆ ತಕ್ಕಡಿ ಇಲ್ಲ. ಚಿಟಿಕೆ ಕೊಡ್ತಾರೆ, ಕಣ್ಣಿಗೊತ್ಕೊಂಡು ಹೋಗ್ತಾರೆ. ಕ್ವಿಂಟಲ್‌ಗಟ್ಟಲೆ ಬೆಳೆದು ರಾತ್ರೋರಾತ್ರಿ ಲಾರಿಗೆ ಏರಿಸೋನು ಯಾವ ಅವಧೂತನ ಶಿಷ್ಯ? ಅವನು ದೇವರ ಹೆಸರು ಹೇಳೋದು ಸಿಕ್ಕಿಬಿದ್ದ ಮೇಲೆ ಮಾತ್ರ.

ಕಾನೂನು ಮಾತ್ರ ತಕ್ಕಡಿ ಹಿಡ್ಕೊಂಡೇ ಬರುತ್ತೆ. ಇದನ್ನ ದಯವಿಟ್ಟು ಮನೆಮಂದಿಗೆಲ್ಲ ಕೇಳಿಸಿ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂ ಬಿಟ್ಟ, ಕಾಯಿ ಕಟ್ಟಿದ ತುದಿ. ಒಂದು ಕೆಜಿವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಅದರ ಮೇಲೆ ಹೋದ್ರೆ 10 ವರ್ಷದವರೆಗೆ. 20 ಕೆಜಿ ದಾಟಿ ವಾಣಿಜ್ಯ ಪ್ರಮಾಣ ಆಯ್ತು ಅಂದ್ರೆ ಕಡಿಮೆ ಅಂದ್ರೂ 10 ವರ್ಷ, 20 ವರ್ಷದವರೆಗೂ ಹೋಗಬಹುದು. ಜಾಮೀನೂ ಸುಲಭಕ್ಕಿಲ್ಲ. ಬರೀ ಎಲೆ ಆದ್ರೆ ಗಾಂಜಾ ಅಲ್ಲ, 2022ರಲ್ಲಿ ನಮ್ಮ ಹೈಕೋರ್ಟೇ ಭಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿದೆ ಅಂತ ಬುದ್ಧಿವಂತರು ವಾದ ಮಾಡ್ತಾರೆ. ಕೊಟ್ಟಿದೆ, ನಿಜ. ಆದ್ರೆ ಗಿಡ ಬೆಳೆಯೋದೇ ಬೇರೆ ಅಪರಾಧ. ಹಿತ್ತಲಲ್ಲಿ ಬೆಳೆದ್ರೂ ಅಷ್ಟೇ, ಹೊಲದಲ್ಲಿ ಬೆಳೆದ್ರೂ ಅಷ್ಟೇ. ಅದಕ್ಕೆ 10 ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ.

ಈಗ ಬಿ.ಜಿ. ಕೆರೆ ಯಜಮಾನ್ರ ಮಾತಿಗೆ ವಾಪಸ್ ಬನ್ನಿ. ಇದೇ ಕಾಯ್ದೆಯ 25ನೇ ಕಲಂ ಏನು ಹೇಳುತ್ತೆ? ಗೊತ್ತಿದ್ದೂ ನಿಮ್ಮ ಜಾಗವನ್ನ ಇನ್ನೊಬ್ಬನ ಅಪರಾಧಕ್ಕೆ ಬಿಟ್ಟುಕೊಟ್ರೆ ಅವನಿಗೆ ಆಗೋ ಶಿಕ್ಷೆಯೇ ನಿಮಗೂ. 46ನೇ ಕಲಂ? ನಿಮ್ಮ ಜಮೀನಿನಲ್ಲಿ ಗಾಂಜಾ ಗಿಡ ಇರೋದು ಗೊತ್ತಾದ್ರೆ ತಕ್ಷಣ ತಿಳಿಸೋದು ನಿಮ್ಮ ಕರ್ತವ್ಯ, ಗೊತ್ತಿದ್ದೂ ಸುಮ್ಮನಿದ್ರೆ ಅದೂ ಶಿಕ್ಷೆಗೆ ದಾರಿ. 47ನೇ ಕಲಂ ಸರ್ಕಾರಿ ಅಧಿಕಾರಿಗೆ, ಪಂಚಾಯ್ತಿಯವರಿಗೆ, ಗ್ರಾಮದ ಅಧಿಕಾರಿಗಳಿಗೆ ಅದೇ ಕರ್ತವ್ಯ ಹೊರಿಸುತ್ತೆ. ಸರಿ, ಹೊಲದವನು ಒಳಗೆ ಹೋದ. ಊರೆಲ್ಲ ತಿರುಗೋ ಗ್ರಾಮದ ಅಧಿಕಾರಿ, ಎಕರೆಗಟ್ಟಲೆ ಗಿಡ ಆಳೆತ್ತರ ಬೆಳೆಯೋವರೆಗೂ ಯಾವ ಕಡೆ ಮುಖ ಮಾಡ್ಕೊಂಡಿದ್ದ ಸ್ವಾಮಿ? ಈ ಕಲಂ ಅವನಿಗೆ ಅನ್ವಯಿಸಲ್ವಾ?

ಹದದ ಕಥೆಯ ನಿಜವಾದ ಮೋಸ ಇರೋದು ಇಲ್ಲೇ. ಹೊಲದಲ್ಲಿ ನಿಂತ ಗಿಡ ಎಲ್ಲರ ಕಣ್ಣಿಗೂ ಬೀಳುತ್ತೆ, ದೂರಕ್ಕೇ ವಾಸನೆ ಹೊಡೆಯುತ್ತೆ, ಎತ್ತಿ ಬಚ್ಚಿಡೋಕಾಗಲ್ಲ. ಪಹಣಿಯಲ್ಲಿ ಹೆಸರು ರೈತನದ್ದು. ಹಸಿ ಗಿಡ ಒಣಗಿದ್ರೆ ಹೆಚ್ಚುಕಡಿಮೆ ಮುಕ್ಕಾಲು ತೂಕ ನೀರಾಗಿ ಹೋಗುತ್ತೆ. ಬೇರು, ಕಾಂಡ, ಎಲೆ ಸಮೇತ ತೂಗಿದ ಪಂಚನಾಮೆಗಳನ್ನ ಕೋರ್ಟ್‌ಗಳೇ ಪ್ರಶ್ನೆ ಮಾಡಿವೆ. ಅದೇ ಮಾಲು ಒಣಗಿ, ಹದವಾಗಿ, ಬಿಗಿಯಾಗಿ ಕಟ್ಟಾದ ಮೇಲೆ? ಸಣ್ಣ ಪೊಟ್ಟಣ. ತೂಕ ಇಳೀತು, ಬೆಲೆ ಏರಿತು. ಹೊಲದಲ್ಲಿ ತೂಕ ರೈತನ ತಲೆ ಮೇಲೆ, ಪೇಟೆಯಲ್ಲಿ ಬೆಲೆ ಇನ್ಯಾರದ್ದೋ ಜೇಬಲ್ಲಿ. ಹದ ಮಾಡಿದೋನ ಹೆಸರು ಯಾವ ಪಹಣಿಯಲ್ಲೂ ಇರಲ್ಲ.

ಹಾಗಾದ್ರೆ ಸರ್ಕಾರ ಪ್ರಾಮಾಣಿಕವಾಗಿದೆಯಾ? ಅದನ್ನೂ ಕೇಳೋಣ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಗಾರ ಬ್ಯಾರನ್‌ನಲ್ಲಿ ಸೊಪ್ಪು ಹದ ಮಾಡ್ತಾನೆ. ಅವನಿಗೆ ಮಂಡಳಿ ಇದೆ, ಲೈಸೆನ್ಸ್ ಇದೆ, ಹರಾಜು ಕಟ್ಟೆ ಇದೆ. ತಂಬಾಕಿನಿಂದ ಜನ ಸಾಯಲ್ವಾ? ಸಾಯ್ತಾರೆ. ಗಾಂಜಾ ಗಿಡದ್ದೇ ಜಾತಿಯ, ಅಮಲಿಲ್ಲದ ನಾರಿನ ತಳಿಗೆ ಉತ್ತರಾಖಂಡ 2018ರಲ್ಲೇ ಲೈಸೆನ್ಸ್ ಕೊಟ್ಟಿದೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನ ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯೋಕೆ ಮತ ಹಾಕಿದಾಗ ಭಾರತವೂ ಪರವಾಗಿಯೇ ಮತ ಹಾಕ್ತು. ಅಲ್ಲಿ ಕೈ ಎತ್ತಿದ ಸರ್ಕಾರ ಇಲ್ಲಿ ರೈತನಿಗೆ ಒಂದು ಮಾತು ಹೇಳಬೇಕಲ್ವಾ? ನಾರಿನ ಬೆಳೆ ಈ ಒಣ ಸೀಮೆಗೆ ಆಗುತ್ತಾ, ಆಗಲ್ವಾ, ನೋಡಿ ಹೇಳಿ. ಆಗಲ್ಲ ಅಂದ್ರೆ ಶೇಂಗಾಕ್ಕೆ ನ್ಯಾಯವಾದ ಬೆಲೆ, ಬೆಳೆ ವಿಮೆ ಹೊತ್ತಿಗೆ ಸರಿಯಾಗಿ ಕೊಡಿ. ಮೂರು ಪಟ್ಟು ಗುತ್ತಿಗೆ ಹಣ ಹಿಡ್ಕೊಂಡು ಬರೋನು ಬರೋದು ಮಳೆ ಬಂದ ವರ್ಷ ಅಲ್ಲ, ಕೈಕೊಟ್ಟ ವರ್ಷ.

ಗ್ರಾಮ ಪಂಚಾಯ್ತಿಗಳಿಗೆ ನನ್ನದೊಂದು ಕೋರಿಕೆ. 25, 46, 47, ಈ ಮೂರು ಕಲಂಗಳನ್ನ ಸರಳ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರೆಸಿ. ಸುಣ್ಣ, ಬಣ್ಣ, ಒಬ್ಬ ಪೇಂಟರ್, ಇಷ್ಟೇ ಖರ್ಚು. ಜಮೀನು ಗುತ್ತಿಗೆಗೆ ಕೊಡೋರು ಯಾವ ಬೆಳೆ ಅಂತ ಕಾಗದದಲ್ಲಿ ಬರೆಸ್ಕೊಳ್ಳಿ, ತಿಂಗಳಿಗೊಮ್ಮೆ ಹೊಲ ಸುತ್ತಾಡಿ ಬನ್ನಿ. ಒಳಗೆ ಬರಬೇಡಿ ಅಂತ ಯಾರಾದ್ರೂ ಅಂದ್ರೆ ಅವತ್ತೇ ಠಾಣೆಗೆ ಹೋಗಿ.

ಟೀ ದುಡ್ಡು ಕೊಡೋಕೆ ಹೋದ್ರೆ ಆ ಯಜಮಾನ್ರು ಬಿಡಲಿಲ್ಲ. ಮೂರು ಪಟ್ಟು ಹಣ ಬೇಡ ಅಂದ ಮನುಷ್ಯ, ನನ್ನ ಟೀಗೂ ತಾನೇ ದುಡ್ಡು ಕೊಟ್ರು. "ಈ ಸಲ ಮಳೆ ಹೆಂಗೆ ಯಜಮಾನ್ರೇ?" ಅಂದೆ. ಆಕಾಶ ನೋಡಿದ್ರು. "ಭೂಮಿ ಇನ್ನೂ ಹದಕ್ಕೆ ಬಂದಿಲ್ಲ ಸಾಮಿ, ಕಾಯ್ತಾ ಇದೀನಿ" ಅಂದ್ರು.

ಹದ ಅನ್ನೋ ಪದ ಅವರದ್ದು. ಅದನ್ನ ಪೊಟ್ಟಣ ಕಟ್ಟೋರಿಗೆ ಬಿಟ್ಟುಕೊಡೋದು ಬೇಡ.