ಹಿಂದಿನ ಬ್ರೇಕು ಏಕೆ ಹಿಡಿಯುವುದಿಲ್ಲ?

ಕನ್ನಡ ಪಂಡಿತನಿಗೂ ಮೋಟಾರು ಸೈಕಲ್ಲಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಒದಗಿದ್ದು ಕಳೆದ ಮಳೆಗಾಲದಲ್ಲಿ. ನನ್ನ ತಂಗಿಯ ಮಗನಿಗೆ, ಕೆಸರು ಕಲ್ಲುಗಳ ಹಾದಿಯಲ್ಲಿ ಓಡಿಸುವ ‘ಡರ್ಟ್ ಬೈಕ್’ ಎಂಬ ವಾಹನದ ಮೇಲೆ ಬಲು ಪ್ರೀತಿ. ಒಂದು ಸಂಜೆ ಸಕಲೇಶಪುರದ ಕಡೆ ಕಾಫಿ ತೋಟದ ಇಳಿಜಾರಿನಲ್ಲಿ ಬರುತ್ತಿದ್ದವನು ಮೊಣಕೈ ತರಚಿಕೊಂಡು ಮನೆಗೆ ಬಂದ. “ಮಾವ, ಪೆಡಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಬೇಲಿಗೆ ಹೋಗಿ ಬಿದ್ದೆ” ಎಂದ. ಆ ಬೇಲಿಯ ಆಚೆಗೆ ಇದ್ದುದು ಹಳ್ಳ.

ವಾಹನವನ್ನು ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಬ್ರೇಕಿನದೇ ನಿಜ. ಆದರೆ ಜಾರುವ ಇಳಿಜಾರಿನಲ್ಲಿ ಅದನ್ನು ಬಿಗಿಯಾಗಿ ಹಿಡಿದರೆ ಮುಂಗಾಲಿ ಜಾರಿ ಸವಾರ ಬೀಳುತ್ತಾನೆ. ಅಲ್ಲಿ ಹಿಂದಿನ ಬ್ರೇಕಿನ ಆಸರೆ ಬೇಕೇ ಬೇಕು. ಹುಡುಗ ಆಗಲೇ ಎರಡು ಸಲ ಹೊಸ ಪ್ಯಾಡು ಹಾಕಿಸಿದ್ದ. ಹಣ ಹೋಯಿತು, ರೋಗ ಉಳಿಯಿತು. ಕಾರಣವನ್ನು ಕೇಳದೆ ಮದ್ದು ಕೊಟ್ಟ ಫಲವಿದು.

ಈ ಬ್ರೇಕಿನ ತತ್ತ್ವ ಸರಳ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ ತೋರಿಸಿದ. ಆತನ ಗ್ರಂಥ ಅಚ್ಚಾದದ್ದು 1663ರಲ್ಲಿ. ಕಾಲು ಪೆಡಲನ್ನು ಒತ್ತುತ್ತದೆ. ಮಾಸ್ಟರ್ ಸಿಲಿಂಡರಿನ ದ್ರವ ಕೊಳವೆಯಲ್ಲಿ ಸಾಗಿ ಕ್ಯಾಲಿಪರಿನ ಪಿಸ್ಟನ್ನನ್ನು ನೂಕುತ್ತದೆ. ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ. ದ್ರವ ಅಮುಕಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ದಾರಿಯಲ್ಲಿ ಗಾಳಿಯ ಗುಳ್ಳೆ ಸೇರಿದರೆ ಕಾಲಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಆದ್ದರಿಂದ ಸ್ಪ್ಯಾನರು ಹಿಡಿಯುವ ಮೊದಲು ಕಾಲನ್ನು ಕೇಳಬೇಕು. ಪೆಡಲು ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕಾರು ಸಲ ತುಳಿದ ಮೇಲೆ ಬಿಗಿಯಾದರೆ, ಗಾಳಿ ಸೇರಿದೆ. ಒತ್ತಿ ಹಿಡಿದ ಪೆಡಲು ಮೆಲ್ಲಮೆಲ್ಲನೆ ಕುಸಿದರೆ, ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸೀಲು ಸವೆದಿದೆ. ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ, ಪ್ಯಾಡು ಸವೆದಿರಬೇಕು, ಇಲ್ಲವೆ ಅದಕ್ಕೆ ಚೈನಿನ ಎಣ್ಣೆ ತಗುಲಿರಬೇಕು, ಅಥವಾ ಕೆಸರು ತುಂಬಿ ಕ್ಯಾಲಿಪರಿನ ಪಿನ್ನುಗಳು ಹಿಡಿದುಕೊಂಡಿರಬೇಕು. ಹೊರಡುವಾಗ ಸರಿಯಿದ್ದು, ದೊಡ್ಡ ಇಳಿಜಾರಿನ ಕೊನೆಗೆ ಕೈಕೊಟ್ಟರೆ, ದ್ರವ ಕುದಿದಿದೆ. ಪೆಡಲಿನ ಮೇಲೆ ಸದಾ ಕಾಲೂರಿ ಓಡಿಸುವವರಿಗೂ, ಪೆಡಲಿಗೆ ಸ್ವಲ್ಪವೂ ಸಡಿಲವಿಲ್ಲದಂತೆ ಬಿಗಿದವರಿಗೂ ಹೀಗಾಗುತ್ತದೆ.

ನಮ್ಮ ಹುಡುಗನ ಪೆಡಲು ಸ್ಪಂಜಿನಂತಿತ್ತು. ಡಬ್ಬಿಯ ಮುಚ್ಚಳ ತೆಗೆದರೆ ದ್ರವ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಕೊಳವೆ ಸೇರುವ ಬೋಲ್ಟಿನ ಸುತ್ತ ಧೂಳು ಒದ್ದೆಯಾಗಿ ಅಂಟಿತ್ತು. ಹಳೆಯ ತಾಮ್ರದ ವಾಷರಿನಿಂದ ಸೋರಿಕೆ! ವಾಷರು ಬದಲಾಯಿಸಿ, ಪ್ಯಾಡಿನ ಮೇಲೆ ದ್ರವ ಬಿದ್ದಿಲ್ಲವೆಂದು ನೋಡಿ, ಗಾಳಿ ತೆಗೆಯಲು ಕುಳಿತೆವು.

ಕ್ರಮ ಹೀಗೆ: ಕ್ಯಾಲಿಪರಿನ ನಿಪ್ಪಲಿಗೆ ರಿಂಗ್ ಸ್ಪ್ಯಾನರು ತೊಡಿಸಿ, ಪಾರದರ್ಶಕವಾದ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಗುಳ್ಳೆ ಹೊರಬಂದೊಡನೆ ಬಿಗಿಯಬೇಕು. ಅನಂತರವೇ ಪೆಡಲು ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಸೇರುತ್ತದೆ. ಡಬ್ಬಿಯ ದ್ರವ ಕೆಳಗಿನ ಗೆರೆಗಿಂತ ಇಳಿಯಬಾರದು. ಗಾಳಿ ಮೇಲಕ್ಕೇರುವುದರಿಂದ ನಿಪ್ಪಲು ಕ್ಯಾಲಿಪರಿನಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡುಗಳ ನಡುವೆ ಮರದ ತುಂಡಿಟ್ಟು, ತಿರುಗಿಸಿ ಹಿಡಿಯಬೇಕು. ಗುಳ್ಳೆ ನಿಂತಾಗ ಪೆಡಲು ತಾನೇ ಗಟ್ಟಿಯಾಯಿತು.

ಇನ್ನು ಪಂಡಿತನ ಒಂದು ಮಾತು. ಗ್ಯಾರೇಜಿನಲ್ಲಿ ಈ ದ್ರವಕ್ಕೆ ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ರಬ್ಬರು ಸೀಲುಗಳು ಉಬ್ಬಿ ಇಡೀ ಬ್ರೇಕೇ ಕೆಡುತ್ತದೆ. ಮುಚ್ಚಳದ ಮೇಲೆ ಬರೆದ ಜಾತಿಯನ್ನೇ ಹಾಕಬೇಕು. ಸಾಮಾನ್ಯವಾಗಿ ಬಳಸುವ ‘ಡಾಟ್ 4’ ದ್ರವ ಹೊಸದಾಗಿರುವಾಗ 230 ಡಿಗ್ರಿ ಸೆಲ್ಸಿಯಸ್ಸಿನವರೆಗಾದರೂ ಕುದಿಯಬಾರದೆಂಬುದು ನಿಯಮ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸುವುದು ಲೇಸು. ಅದು ಬಣ್ಣವನ್ನು ತಿನ್ನುತ್ತದೆ. ಚೆಲ್ಲಿದರೆ ಕೂಡಲೆ ನೀರಿನಿಂದ ತೊಳೆಯಬೇಕು.

ತಪ್ಪು ಬರೆದ ವಿದ್ಯಾರ್ಥಿಗೆ ಪಾಠವನ್ನೆಲ್ಲ ಮತ್ತೆ ಒಪ್ಪಿಸೆಂದರೆ ಪ್ರಯೋಜನವಿಲ್ಲ. ಯಾವ ಸೂತ್ರದಲ್ಲಿ ಎಡವಿದನೆಂದು ನೋಡಬೇಕು. ಬ್ರೇಕಿನ ವಿಷಯವೂ ಅಷ್ಟೆ. ದುರಸ್ತಿಯಾದ ಮೇಲೆ ಮೊದಲು ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ, ಆಮೇಲೆ ಗುಡ್ಡದ ಕಡೆ ತಿರುಗಿಸಿ. ಎಲ್ಲ ಇಳಿಜಾರಿನಲ್ಲೂ ಬೇಲಿ ಇರುವುದಿಲ್ಲ.